ಕಪ್ ಸೋರಿದರೆ, ಬಟ್ಟೆ ನಾರಿದರೆ

ತೊಳೆದು ಮತ್ತೆ ಬಳಸುವ ಮುಟ್ಟಿನ ಸಾಧನಗಳ ಬಗ್ಗೆ ಬಂದ ಪತ್ರಗಳಲ್ಲಿ ಹಲವು ಶುರುವಾಗುವುದೇ "ನನ್ನ ಮೈಗೆ ಇದು ಒಗ್ಗುತ್ತಿಲ್ಲ" ಎಂಬ ಮಾತಿನಿಂದ. ಮೈಯನ್ನು ದೂರುವ ಮೊದಲು ಕಪ್ (ಮಡಚಿ ಯೋನಿಯೊಳಗಿಟ್ಟು ಮುಟ್ಟಿನ ರಕ್ತ ಹಿಡಿಯುವ ಮೆತ್ತನೆಯ ಬಟ್ಟಲು) ಪೂರ್ತಿ ಬಿಚ್ಚಿಕೊಂಡಿತ್ತೇ, ಬಟ್ಟೆ ಒಳಗಿನವರೆಗೂ ಒಣಗಿತ್ತೇ ಎಂದು ನೋಡುವುದು ಒಳ್ಳೆಯದು. ಈ ಸಲದ ಉತ್ತರಗಳಲ್ಲಿ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ.

ಪ್ರಶ್ನೆ: ಎರಡು ತಿಂಗಳಿಂದ ಮುಟ್ಟಿನ ಕಪ್ ಬಳಸುತ್ತಿದ್ದೇನೆ. ಹಾಕಿಕೊಂಡ ಒಂದೆರಡು ಗಂಟೆಯಲ್ಲೇ ಸೋರುತ್ತದೆ. ತೆಗೆದು ನೋಡಿದರೆ ಕಾಲು ಭಾಗವೂ ತುಂಬಿರುವುದಿಲ್ಲ. ದೊಡ್ಡ ಅಳತೆಯದು ತೆಗೆದುಕೊಳ್ಳಲೇ?

ಉತ್ತರ: ಈಗಲೇ ಬೇಡ. ತುಂಬಿದ ಕಪ್ ಸೋರಿದರೆ ಅದು ಅಳತೆಯ ಪ್ರಶ್ನೆ. ಖಾಲಿಯಿದ್ದೂ ಸೋರುತ್ತಿದ್ದರೆ ರಕ್ತ ಕಪ್‌ನ ಒಳಗೆ ಬೀಳದೆ ಪಕ್ಕದಿಂದ ಇಳಿದು ಬರುತ್ತಿದೆ. ದೊಡ್ಡ ಕಪ್ ತಂದರೂ ಅದು ಹಾಗೇ ಇಳಿಯುತ್ತದೆ.

ಮೊದಲು ಅನುಮಾನಿಸಬೇಕಾದ್ದು ಮಡಿಕೆಯನ್ನು. ಒಳಗೆ ಹೋದ ಮೇಲೆ ಕಪ್ ಪೂರ್ತಿ ಬಿಚ್ಚಿಕೊಂಡು ದುಂಡಗಾಗಬೇಕು. ತೋರುಬೆರಳನ್ನು ಕಪ್‌ನ ಪಕ್ಕದಲ್ಲಿ ಸುತ್ತ ಆಡಿಸಿ ನೋಡಿ. ಎಲ್ಲಾದರೂ ತಗ್ಗು ಸಿಕ್ಕಿದರೆ ಅಲ್ಲೇ ಸೋರುವ ದಾರಿ ಇದೆ. ತಳವನ್ನು (ಅದರ ಕೆಳಗೆ ಬಾಲದಂತಿರುವ ತೊಟ್ಟನ್ನಲ್ಲ) ಎರಡು ಬೆರಳಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿ, ಅಥವಾ ಅರ್ಧ ಇಂಚು ಕೆಳಗೆಳೆದು ಮತ್ತೆ ಮೇಲಕ್ಕೆ ತಳ್ಳಿ. ಅದಕ್ಕೂ ಬಿಚ್ಚದಿದ್ದರೆ ತಗ್ಗಿರುವ ಕಡೆ ಯೋನಿಯ ಗೋಡೆಯನ್ನು ಬೆರಳಿನಿಂದ ಸ್ವಲ್ಪ ಹೊರಕ್ಕೆ ಒತ್ತಿ ಹಿಡಿಯಿರಿ. ಗಾಳಿ ಒಳಹೋಗಲು ದಾರಿಯಾಗಿ ಕಪ್ ಅರಳುತ್ತದೆ. ಕೆಲವರಿಗೆ ಅರಳಿದ್ದು 'ಪಟ್' ಎಂದು ಗೊತ್ತಾಗುತ್ತದೆ, ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಶಬ್ದವನ್ನು ನಂಬದೆ ಬೆರಳನ್ನು ನಂಬಿ.

ಮಡಚುವ ಬಗೆಯನ್ನೂ ಬದಲಿಸಿ ನೋಡಿ. ಕಪ್ ಜೊತೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ 'ಸಿ' ಆಕಾರದ ಮಡಿಕೆ ಇರುತ್ತದೆ. ಮಾಡಲು ಸುಲಭ, ಆದರೆ ತುದಿ ದಪ್ಪ. ಅದರ ಬದಲು ಅಂಚಿನ ಒಂದು ಬಿಂದುವನ್ನು ಬೆರಳಿನಿಂದ ಕಪ್‌ನ ಒಳಗೆ ತಳದವರೆಗೆ ಅದುಮಿ, ಎರಡು ಪಕ್ಕವನ್ನೂ ಹಿಡಿದುಕೊಳ್ಳಿ. ತುದಿ ಮೊಗ್ಗಿನಷ್ಟು ಸಣ್ಣದಾಗುತ್ತದೆ, ಬಿಟ್ಟಾಗ ಹೆಚ್ಚು ಚೆನ್ನಾಗಿ ಅರಳುತ್ತದೆ. 'ಪಂಚ್ ಡೌನ್' ಎನ್ನುವುದು ಇದಕ್ಕೇ. ಹಾಕುವ ಮೊದಲು ಅಂಚನ್ನು ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ.

ಎರಡನೆಯದು ದಿಕ್ಕು. ಯೋನಿಮಾರ್ಗ ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಕಪ್ಪನ್ನು ಹೊಕ್ಕುಳಿನ ಕಡೆಗಲ್ಲ, ಬೆನ್ನುಮೂಳೆಯ ತುದಿಯ ಕಡೆಗೆ ತಳ್ಳಬೇಕು. ಹಾಕುವ ಮೊದಲು ಗರ್ಭಕೊರಳು (ಗರ್ಭಕೋಶದ ಕೆಳತುದಿ) ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ: ಮೂಗಿನ ತುದಿಯಷ್ಟು ಗಟ್ಟಿ, ನಡುವೆ ಸಣ್ಣ ಗುಳಿ. ಅನೇಕರಿಗೆ ಅದು ನಟ್ಟನಡುವೆ ಇರುವುದಿಲ್ಲ, ಎಡಕ್ಕೋ ಬಲಕ್ಕೋ ಹಿಂದಕ್ಕೋ ಓರೆಯಾಗಿರುತ್ತದೆ. ಕಪ್ ಅದರ ಪಕ್ಕಕ್ಕೆ ಸರಿದು ಕೂತರೆ ಎಷ್ಟೇ ಚೆನ್ನಾಗಿ ಅರಳಿದ್ದರೂ ಪ್ರಯೋಜನವಿಲ್ಲ. ಹಾಕಿದ ಮೇಲೆ ಕಪ್‌ನ ಹೊರಗೆ ಬೆರಳಿಗೆ ಗರ್ಭಕೊರಳು ಸಿಕ್ಕಿದರೆ ತೆಗೆದು ಮತ್ತೆ ಹಾಕಿ.

ಮೂರನೆಯದು ಅಂಚಿನ ಕೆಳಗಿರುವ ಸಣ್ಣ ತೂತುಗಳು. ಅವು ಕಟ್ಟಿಕೊಂಡರೆ ಕಪ್ ಸರಿಯಾಗಿ ಅರಳುವುದಿಲ್ಲ, ತೆಗೆಯುವಾಗಲೂ ಬಿಗಿದು ಹಿಡಿಯುತ್ತದೆ. ಕಪ್ಪಿಗೆ ನೀರು ತುಂಬಿ, ಬಾಯಿಗೆ ಅಂಗೈ ಮುಚ್ಚಿ, ತಲೆಕೆಳಗು ಮಾಡಿ ಹಿಚುಕಿ. ಪ್ರತಿ ತೂತಿನಿಂದಲೂ ನೀರು ಚಿಮ್ಮಬೇಕು.

ಗಟ್ಟಿತನದ ಬಗ್ಗೆಯೂ ಒಂದು ಮಾತು. ಅಳತೆಗೆ ಕೊಡುವ ಗಮನದ ಅರ್ಧವನ್ನಾದರೂ ಇದಕ್ಕೆ ಕೊಡಬೇಕು ಎನ್ನುವುದು ನಮ್ಮ ಅಭಿಪ್ರಾಯ. ವ್ಯಾಯಾಮ ಮಾಡಿ ಕೆಳಹೊಟ್ಟೆಯ ತಳದ ಸ್ನಾಯು ಬಿಗಿಯಾಗಿರುವವರಲ್ಲಿ ತೀರಾ ಮೆತ್ತನೆಯ ಕಪ್ ಅದುಮಿಹೋಗಿ ಸೋರುತ್ತದೆ. ತೀರಾ ಗಟ್ಟಿಯಾದದ್ದು ಮೂತ್ರಕೋಶವನ್ನು ಒತ್ತುತ್ತದೆ. ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಹೋದರೂ ಧಾರೆ ಸಣ್ಣಗೆ ಬರುವುದು ಅದರ ಗುರುತು. ಕಪ್ ಇದ್ದಾಗ ಸೊಂಟದ ಒಂದೇ ಬದಿಯಲ್ಲಿ ನೋವು ಬಂದರೆ ತಡಮಾಡದೆ ತೆಗೆಯಿರಿ. ಕಪ್ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡ ಊದಿಕೊಂಡ ಪ್ರಕರಣಗಳು, ಅಪರೂಪವಾದರೂ, ವರದಿಯಾಗಿವೆ. ತೆಗೆದ ಮೇಲೂ ನೋವು ಉಳಿದರೆ ವೈದ್ಯರಿಗೆ ತೋರಿಸಿ.

ಕೊನೆಗೆ, ಎಲ್ಲವೂ ಸೋರಿಕೆಯಲ್ಲ. ಖಾಲಿ ಮಾಡಿ ಮತ್ತೆ ಹಾಕಿದಾಗ ಗೋಡೆಗೆ ಅಂಟಿದ್ದ ರಕ್ತ ಮೊದಲ ಅರ್ಧ ಗಂಟೆಯಲ್ಲಿ ಒಂದೆರಡು ಹನಿ ಇಳಿಯುತ್ತದೆ. ಮಲವಿಸರ್ಜನೆಗೆ ತಿಣುಕಿದಾಗ ಕಪ್ ಕೆಳಗೆ ಸರಿದು ಓರೆಯಾಗುವುದೂ ಉಂಟು. ಆಮೇಲೆ ಕೈ ತೊಳೆದು, ಬೆರಳಿಟ್ಟು ನೋಡಿ ಸರಿಮಾಡಿಕೊಳ್ಳಿ. ಕೈ ಪಳಗಲು ಎರಡು ಮೂರು ಮುಟ್ಟು ಬೇಕಾಗುತ್ತದೆ. ಅಲ್ಲಿಯವರೆಗೆ ತೆಳುವಾದ ಬಟ್ಟೆ ಪ್ಯಾಡ್ ಜೊತೆಗಿರಲಿ.

ಪ್ರಶ್ನೆ: ಹೊಸದಾಗಿ ಕಪ್ ಕೊಳ್ಳಬೇಕು. "ಹೆರಿಗೆಯಾಗದವರಿಗೆ ಸಣ್ಣದು, ಆದವರಿಗೆ ದೊಡ್ಡದು" ಎಂದು ಡಬ್ಬಿಯ ಮೇಲಿದೆ. ಅಷ್ಟೇ ಸಾಕೇ?

ಉತ್ತರ: ಅದು ತೀರಾ ಒರಟು ಲೆಕ್ಕ. ಅಗಲವನ್ನಷ್ಟೇ ಹೇಳುತ್ತದೆ, ಉದ್ದವನ್ನು ಹೇಳುವುದಿಲ್ಲ. ಉದ್ದ ತೀರ್ಮಾನವಾಗುವುದು ಗರ್ಭಕೊರಳಿನ ಎತ್ತರದ ಮೇಲೆ. ಮುಟ್ಟಿನ ದಿನಗಳಲ್ಲಿ ಅದು ಹಲವರಲ್ಲಿ ಕೆಳಗಿಳಿಯುವುದರಿಂದ ಅಳೆಯುವುದಾದರೆ ಆಗಲೇ ಅಳೆಯಬೇಕು, ಅದೂ ಎರಡು ಬೇರೆ ದಿನ. ಕೈ ತೊಳೆದು ತೋರುಬೆರಳನ್ನು ಒಳಗಿಡಿ. ಮೊದಲ ಗೆಣ್ಣಿನಷ್ಟರಲ್ಲೇ ಗರ್ಭಕೊರಳು ತಗುಲಿದರೆ ಕೆಳಮಟ್ಟ: ಗಿಡ್ಡ ಕಪ್ ಬೇಕು. ಎರಡನೆಯ ಗೆಣ್ಣಾದರೆ ಸಾಮಾನ್ಯ ಉದ್ದ. ಬೆರಳು ಪೂರ್ತಿ ಹೋದರೂ ತಗುಲದಿದ್ದರೆ ಉದ್ದನೆಯದನ್ನು ತೆಗೆದುಕೊಳ್ಳಿ, ಇಲ್ಲದಿದ್ದರೆ ತೆಗೆಯುವಾಗ ಕೈಗೆಟುಕುವುದಿಲ್ಲ. ಗರ್ಭಕೊರಳು ಕೆಳಗಿರುವವರಲ್ಲಿ ಅದು ಕಪ್‌ನ ಒಳಗೇ ಇಳಿದು ಜಾಗ ತಿನ್ನುತ್ತದೆ. ಹಾಗಾಗಿ 25 ಮಿ.ಲೀ. ಎಂದು ಬರೆದಿದ್ದರೂ ಅಷ್ಟು ಹಿಡಿಯುವುದಿಲ್ಲ.

ತೊಟ್ಟು ಹೊರಗೆ ಚುಚ್ಚುತ್ತಿದ್ದರೆ ಕತ್ತರಿಸಬಹುದು. ಕಪ್ಪನ್ನು ಹೊರತೆಗೆದ ಮೇಲೆಯೇ ಕತ್ತರಿಸಿ, ಸ್ವಲ್ಪಸ್ವಲ್ಪವಾಗಿ, ತಳಕ್ಕೆ ತೂತಾಗದಂತೆ. ಎರಡು ಮುಟ್ಟು ಬಳಸಿ ನೋಡದೆ ಕತ್ತರಿ ಹಿಡಿಯಬೇಡಿ. ವಸ್ತುವಿನ ವಿಷಯಕ್ಕೆ ಬಂದರೆ, ಕಪ್‌ಗಳನ್ನು ವೈದ್ಯಕೀಯ ದರ್ಜೆಯ ಸಿಲಿಕೋನ್, ಟಿಪಿಇ ಎಂಬ ಮೆತ್ತನೆಯ ಪ್ಲಾಸ್ಟಿಕ್ ಅಥವಾ ನೈಸರ್ಗಿಕ ರಬ್ಬರಿನಿಂದ ಮಾಡುತ್ತಾರೆ. ರಬ್ಬರಿಗೆ ಅಲರ್ಜಿ ಇರುವವರು ಮೂರನೆಯದನ್ನು ಬಿಡಬೇಕು.

ಪ್ರಶ್ನೆ: ಕಪ್ ತೆಗೆಯಲು ಹೋದರೆ ಮೇಲೇರಿ ಕುಳಿತಿತ್ತು. ಎಳೆದರೆ ಒಳಗಿನದೆಲ್ಲ ಕಿತ್ತುಬರುವಂಥ ನೋವು. ಅರ್ಧ ಗಂಟೆ ಪರದಾಡಿದೆ. ಅದು ಹೊಟ್ಟೆಯೊಳಗೆ ಹೋಗಿಬಿಡುವ ಸಂಭವ ಇದೆಯೇ?

ಉತ್ತರ: ಇಲ್ಲ. ಯೋನಿಮಾರ್ಗದ ಮೇಲ್ತುದಿಯಲ್ಲಿ ಗರ್ಭಕೊರಳು ಬಾಗಿಲಂತೆ ನಿಂತಿದೆ, ಅದರ ರಂಧ್ರದಲ್ಲಿ ಕಪ್ ತೂರುವುದು ಸಾಧ್ಯವೇ ಇಲ್ಲ. ಮೇಲೇರಿದೆ ಎಂದರೆ ಕೆಲವು ಸೆಂಟಿಮೀಟರ್ ಮೇಲೇರಿದೆ, ಅಷ್ಟೇ.

ನೋವಿಗೆ ಕಾರಣ ತೊಟ್ಟನ್ನು ಹಿಡಿದು ಎಳೆದದ್ದು. ಅರಳಿ ಕೂತ ಕಪ್ ಗೋಡೆಗೆ ಹೀರಿಕೊಂಡಂತೆ ಅಂಟಿರುತ್ತದೆ. ಆ ಹಿಡಿತ ಬಿಡಿಸದೆ ಎಳೆದರೆ ಗರ್ಭಕೊರಳೂ ಜೊತೆಗೆ ಎಳೆಯಲ್ಪಡುತ್ತದೆ. ತೊಟ್ಟು ಇರುವುದು ಕಪ್ ಎಲ್ಲಿದೆ ಎಂದು ಬೆರಳಿಗೆ ದಾರಿ ತೋರಿಸಲು.

ಮೊದಲು ಹತ್ತು ನಿಮಿಷ ಬಿಟ್ಟುಬಿಡಿ, ಓಡಾಡಿ. ಗಾಬರಿಯಾದಾಗ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಮಲವಿಸರ್ಜನೆಗೆ ತಿಣುಕುವಂತೆ ನಿಧಾನವಾಗಿ ತಿಣುಕಿ. ಕಪ್ ಕೆಳಗಿಳಿಯುತ್ತದೆ. ಹೆಬ್ಬೆರಳು, ತೋರುಬೆರಳುಗಳಿಗೆ ತೊಟ್ಟಿನ ಮೇಲಿರುವ ಗೆರೆಗೆರೆಯಾದ ತಳ ಸಿಕ್ಕಿದ ಕೂಡಲೇ ಅದನ್ನು ಒತ್ತಿ ಹಿಚುಕಿ ಹಿಡಿಯಿರಿ. ಹಿಡಿತ ಬಿಟ್ಟರೆ ಕೆಲವು ಸಲ ಬುಳಕ್ ಎಂಬ ಶಬ್ದ ಬರುತ್ತದೆ. ಬಿಡದಿದ್ದರೆ ತೋರುಬೆರಳನ್ನು ಕಪ್‌ನ ಪಕ್ಕದಲ್ಲೇ ಅಂಚಿನವರೆಗೆ ಏರಿಸಿ, ಅಂಚನ್ನು ಒಳಕ್ಕೆ ಒತ್ತಿ. ನಂತರ ಹಿಚುಕಿದ ಹಾಗೇ ಹಿಡಿದು, ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತ ಇಳಿಸಿ. ಹೊರಬರುವ ಹೊತ್ತಿಗೆ ಅಂಚಿನ ಒಂದು ಪಕ್ಕ ಮೊದಲು ಬರುವಂತೆ ಓರೆ ಮಾಡಿದರೆ ನೋವಿಲ್ಲ, ಚೆಲ್ಲುವುದೂ ಇಲ್ಲ.

ಚಿಮಟ, ಇಕ್ಕಳ ಯಾವುದನ್ನೂ ಒಳಗೆ ಹಾಕಬೇಡಿ. ಹಾಕಿಕೊಂಡು 12 ಗಂಟೆ (ಕಪ್ ಒಳಗಿರಬಹುದಾದ ಗರಿಷ್ಠ ಹೊತ್ತು) ಮೀರುವಷ್ಟರಲ್ಲಿ ತೆಗೆಯಲಾಗದಿದ್ದರೆ ವೈದ್ಯರ ಬಳಿ ಹೋಗಿ. ಅವರಿಗೆ ಅದು ಕೆಲವೇ ನಿಮಿಷದ ಕೆಲಸ, ನಾಚಿಕೆಪಡುವಂಥದ್ದು ಏನಿಲ್ಲ.

ಪ್ರಶ್ನೆ: ಬಟ್ಟೆ ಪ್ಯಾಡ್ ಬಳಸಲು ಶುರುಮಾಡಿ ಒಂದು ವರ್ಷ. ಈಗೀಗ ಒಗೆದು ಒಣಗಿಸಿದರೂ ಮುಗ್ಗಲು ವಾಸನೆ. ಮೊದಲಿನಷ್ಟು ಹೀರುತ್ತಲೂ ಇಲ್ಲ, ಮೇಲೆಮೇಲೇ ಹರಿದುಬಿಡುತ್ತದೆ. ಹೊಸದು ಕೊಳ್ಳುವ ಕಾಲ ಬಂತೇ?

ಉತ್ತರ: ಎರಡೂ ದೂರು ಒಂದೇ ಕಡೆಗೆ ಬೆರಳು ತೋರಿಸುತ್ತವೆ: ಒಳಪದರದಲ್ಲಿ ಏನೋ ಉಳಿದುಕೊಂಡಿದೆ. ಅದು ಸೋಪಾಗಿರಬಹುದು, ಬಟ್ಟೆ ಮೆತ್ತಗಾಗಿಸಲು ಹಾಕುವ ದ್ರವವಾಗಿರಬಹುದು, ಪೂರ್ತಿ ಹೋಗದ ರಕ್ತವಾಗಿರಬಹುದು. ಮೆತ್ತಗಾಗಿಸುವ ದ್ರವವಂತೂ ಪ್ಯಾಡಿಗೆ ಶತ್ರು. ನೂಲಿನ ಮೇಲೆ ಜಿಡ್ಡಿನ ಪದರ ಕೂರಿಸುತ್ತದೆ, ಆ ಮೇಲೆ ನೂಲು ನೀರನ್ನೇ ಒಲ್ಲೆನ್ನುತ್ತದೆ.

ಹೊಸದು ಕೊಳ್ಳುವ ಮೊದಲು ಹೀಗೆ ಮಾಡಿ. ಪ್ಯಾಡ್‌ಗಳನ್ನೆಲ್ಲ ಸೋಪು ಹಾಕದೆ ಉಗುರುಬೆಚ್ಚಗಿನ ನೀರಿನಲ್ಲಿ ಹಿಚುಕಿ ನೋಡಿ. ನೊರೆ ಬಂದರೆ ಹಳೆಯ ಸೋಪು ಒಳಗಿದೆ. ನೊರೆ ನಿಲ್ಲುವವರೆಗೂ ನೀರು ಬದಲಿಸುತ್ತ ಜಾಲಿಸಿ, ನಾಲ್ಕೈದು ಸಲ ಬೇಕಾಗಬಹುದು. ನಂತರ ನೆರಳಿಲ್ಲದ ಬಿಸಿಲಿನಲ್ಲಿ ಒಣಗಿಸಿ, ಮೇಲೆ ಒಂದು ಚಮಚ ನೀರು ಸುರಿದು ನೋಡಿ. ಒಡನೆ ಇಂಗಿದರೆ ಪ್ಯಾಡ್ ಚೆನ್ನಾಗಿದೆ. ಹನಿಯಾಗಿ ನಿಂತರೆ ಇನ್ನೊಂದು ಸುತ್ತು ಜಾಲಿಸಬೇಕು.

ಇನ್ನು ದಿನನಿತ್ಯದ ಒಗೆತ. ಬಳಸಿದ ಪ್ಯಾಡನ್ನು ಮೊದಲು ತಣ್ಣೀರಿನಲ್ಲೇ ಜಾಲಿಸಿ. ಬಿಸಿನೀರು ರಕ್ತದ ಪ್ರೋಟೀನನ್ನು ಗಟ್ಟಿಮಾಡಿ ನೂಲಿಗೆ ಕಚ್ಚಿಸುತ್ತದೆ, ಆ ಕರೆ ಆಮೇಲೆ ಜಗ್ಗುವುದಿಲ್ಲ. ನೀರು ತಿಳಿಯಾಗುವವರೆಗೆ ಹಿಂಡಿ, ಮತ್ತೆ ತಣ್ಣೀರಿನಲ್ಲಿ ಒಂದೆರಡು ಗಂಟೆ ನೆನೆಹಾಕಿ. ಇಡೀ ರಾತ್ರಿ ನೆನೆಯಬೇಕಾದರೆ ಮಧ್ಯೆ ಒಮ್ಮೆ ನೀರು ಬದಲಿಸಿ. ಮೂರು ದಿನದ ಪ್ಯಾಡ್‌ಗಳನ್ನು ಒಂದೇ ಬಕೆಟ್ಟಿನಲ್ಲಿ ಒಟ್ಟುಹಾಕಿ ಕೊನೆಗೆ ಒಗೆಯುವ ಪದ್ಧತಿಯಿಂದಲೇ ಅನೇಕರ ಪ್ಯಾಡ್ ನಾರುವುದು. ನೆನೆದ ಮೇಲೆ ಸುವಾಸನೆಯಿಲ್ಲದ ಸೋಪಿನಲ್ಲಿ ತಿಕ್ಕಿ, ಎರಡು ಸಲ ಜಾಲಿಸಿ. ಮಷೀನಿಗೆ ಹಾಕುವುದಾದರೂ ಈ ಮೊದಲ ಜಾಲಿಕೆ ಕೈಯಲ್ಲೇ ಆಗಲಿ. ಕ್ಲೋರಿನ್ ಬ್ಲೀಚ್ ಬೇಡ. ನೂಲು ಸವೆಯುತ್ತದೆ, ಕೆಳಗಿನ ನೀರು ತಡೆಯುವ ಪದರವೂ ಹಾಳಾಗುತ್ತದೆ.

ಒಣಗಿಸುವಾಗ ಮೇಲ್ಪದರ ಬೇಗ ಒಣಗಿ ನಮ್ಮನ್ನು ಮೋಸ ಮಾಡುತ್ತದೆ. ಒಳಗಿನ ಪದರಗಳಲ್ಲಿ ತೇವ ಉಳಿದಿರುತ್ತದೆ. ಪ್ಯಾಡಿನ ನಡುಭಾಗವನ್ನು ಎರಡು ಬೆರಳ ನಡುವೆ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಿರಿ. ತಂಪು ತಗುಲಿದರೆ ಇನ್ನೂ ಒಣಗಿಲ್ಲ. ಬಿಚ್ಚುವ ಪದರಗಳಿರುವ ಪ್ಯಾಡ್ ಆದರೆ ಬಿಚ್ಚಿಯೇ ಒಣಹಾಕಿ. ಯಾರಿಗೂ ಕಾಣಬಾರದೆಂದು ಬೇರೆ ಬಟ್ಟೆಯ ಅಡಿಯಲ್ಲಿ, ಬಾಗಿಲ ಹಿಂದೆ, ಕತ್ತಲೆ ಮೂಲೆಯಲ್ಲಿ ಒಣಗಿಸುವುದೇ ಬೂಷ್ಟಿಗೆ ಆಹ್ವಾನ. ಬಿಸಿಲಿಲ್ಲದ ಮಳೆ ದಿನಗಳಲ್ಲಿ ಫ್ಯಾನಿನ ಗಾಳಿಗೆ ಹಿಡಿದು, ಪೂರ್ತಿ ಹತ್ತಿಯದಾಗಿದ್ದರೆ ಇಸ್ತ್ರಿ ಹಾಕಿ. ಪ್ಲಾಸ್ಟಿಕ್ ಲೇಪದ ಪದರವಿದ್ದರೆ ಇಸ್ತ್ರಿ ಬೇಡ, ಆ ಲೇಪ ಕರಗಿ ಬಿರುಕು ಬಿಡುತ್ತದೆ.

ಇಷ್ಟೆಲ್ಲ ಮಾಡಿಯೂ ವಾಸನೆ ಹೋಗದಿದ್ದರೆ, ಕಪ್ಪುಚುಕ್ಕೆ ಕಂಡರೆ, ಅಥವಾ ಲೇಪ ಸುಲಿದಿದ್ದರೆ ಆಗ ಬಿಸಾಡಿ. ವಾಸನೆಯಿಲ್ಲದ ತಿಳಿಯಾದ ಕರೆ ಮಾತ್ರ ಇದ್ದರೆ ಪ್ಯಾಡ್ ಶುಚಿಯಾಗಿಯೇ ಇದೆ, ನೋಡಲು ಚಂದವಿಲ್ಲ ಅಷ್ಟೇ.

ಪ್ರಶ್ನೆ: ಮನೆಯಲ್ಲೇ ಹೊಲಿಯಬಹುದೇ? ಎಷ್ಟು ಬೇಕು?

ಉತ್ತರ: ಖಂಡಿತ. ಹಗಲಿಗೆ 25 ಸೆಂ.ಮೀ., ರಾತ್ರಿಗೆ 32 ಸೆಂ.ಮೀ. ಉದ್ದ, ನಡುವೆ 7 ಸೆಂ.ಮೀ. ಅಗಲ ಇಟ್ಟುಕೊಳ್ಳಿ. ಮೇಲೆ ಮೆತ್ತನೆಯ ಹತ್ತಿ ಫ್ಲಾನೆಲ್, ನಡುವೆ ಹಳೆಯ ಹತ್ತಿ ಟವೆಲಿನ ಎರಡು ಮೂರು ಪದರ, ಕೆಳಗೆ ನೀರು ತಡೆಯುವ ಪಿಯುಎಲ್ ಎಂಬ ಪ್ಲಾಸ್ಟಿಕ್ ಲೇಪದ ಬಟ್ಟೆ. ನಡುವಿನ ಪದರವನ್ನು ಹೊರಗಿನದಕ್ಕಿಂತ ಸುತ್ತ 1 ಸೆಂ.ಮೀ. ಸಣ್ಣದಾಗಿ ಕತ್ತರಿಸಿ ಮೇಲಿನ ಬಟ್ಟೆಗೆ ಮಾತ್ರ ಹೊಲಿಯಿರಿ. ಕೆಳಪದರದ ನಡುವೆ ಹೊಲಿಗೆ ಹಾಕಿದರೆ ಪ್ರತಿ ಸೂಜಿತೂತೂ ಸೋರುತ್ತದೆ. ಗುಂಡುಸೂಜಿಯನ್ನೂ ಅಂಚಿಗೆ ಮಾತ್ರ ಚುಚ್ಚಿ. ರೆಕ್ಕೆಗೆ ಪ್ರೆಸ್ ಬಟನ್ ಹಾಕಿ. ಬಟ್ಟೆಯನ್ನು ಕತ್ತರಿಸುವ ಮೊದಲೇ ಒಮ್ಮೆ ಒಗೆದು ಕುಗ್ಗಿಸಿಕೊಳ್ಳದಿದ್ದರೆ ಮೊದಲ ಒಗೆತಕ್ಕೇ ಪ್ಯಾಡ್ ಮುದುಡಿಕೊಳ್ಳುತ್ತದೆ. ಹೊಸ ಹತ್ತಿ ಎರಡು ಮೂರು ಒಗೆತದ ನಂತರವೇ ಚೆನ್ನಾಗಿ ಹೀರತೊಡಗುವುದು. ಮೇಲ್ಪದರಕ್ಕೆ ತಿಳಿಬಣ್ಣ ಲೇಸು. ಕಡುಬಣ್ಣದಲ್ಲಿ ಕರೆ ಕಾಣದು ನಿಜ, ಹಾಗೇ ಸರಿಯಾಗಿ ಹೋಗದ ರಕ್ತವೂ ಕಾಣದು.

ಎಷ್ಟು ಬೇಕೆಂಬುದಕ್ಕೆ ಲೆಕ್ಕ ಸುಲಭ. ದಿನಕ್ಕೆ ಎಷ್ಟು ಸಲ ಬದಲಿಸುತ್ತೀರಿ (4ರಿಂದ 6 ಗಂಟೆಗೊಮ್ಮೆ ಎಂದುಕೊಳ್ಳಿ) ಎಂಬುದನ್ನು ಒಂದು ಪ್ಯಾಡ್ ಪೂರ್ತಿ ಒಣಗಲು ಬೇಕಾದ ದಿನಗಳಿಗೆ ಒಂದು ಸೇರಿಸಿ ಗುಣಿಸಿ. ದಿನಕ್ಕೆ 4, ಒಣಗಲು 2 ದಿನ ಎಂದರೆ 12.

ಪ್ರಶ್ನೆ: ನನಗೆ ಕಾಪರ್-ಟಿ ಹಾಕಿದ್ದಾರೆ. ಕಪ್ ಬಳಸಬಹುದೇ?

ಉತ್ತರ: ಹಾಕಿದ ವೈದ್ಯರನ್ನು ಕೇಳಿಯೇ ಶುರುಮಾಡಿ. ಬಹಳ ಮಂದಿ ತೊಂದರೆಯಿಲ್ಲದೆ ಎರಡನ್ನೂ ಬಳಸುತ್ತಾರೆ, ಆದರೆ ಕಪ್ ಬಳಸುವಾಗ ಕಾಪರ್-ಟಿ ಜಾರಿಬಂದ ಪ್ರಕರಣಗಳಿವೆ. ಒಂದೋ ತೆಗೆಯುವಾಗ ಕಪ್ ಜೊತೆ ಅದರ ದಾರವೂ ಬೆರಳಿಗೆ ಸಿಕ್ಕಿ ಎಳೆಯಲ್ಪಡುತ್ತದೆ, ಇಲ್ಲವೇ ಹಿಡಿತ ಬಿಡಿಸದೆ ಎಳೆದಾಗ ಹೀರುವ ಒತ್ತಡ ಅದನ್ನು ಸಡಿಲಿಸುತ್ತದೆ. ದಾರವನ್ನು ಗಿಡ್ಡ ಮಾಡಿಕೊಡಲು ವೈದ್ಯರಿಗೆ ಹೇಳಬಹುದು. ಕಪ್ಪನ್ನು ಆದಷ್ಟು ಕೆಳಗೆ ಕೂರಿಸಿ, ತಳ ಹಿಚುಕದೆ ಎಂದೂ ಎಳೆಯಬೇಡಿ. ಪ್ರತಿ ಮುಟ್ಟು ಮುಗಿದ ಮೇಲೆ ದಾರ ಮೊದಲಿನಷ್ಟೇ ಉದ್ದ ಇದೆಯೇ ಎಂದು ಬೆರಳಿಟ್ಟು ನೋಡಿ. ಉದ್ದವಾಗಿದ್ದರೆ, ಸಿಗದೇ ಹೋದರೆ, ಅಥವಾ ಗಟ್ಟಿ ತುದಿ ತಗುಲಿದರೆ ವೈದ್ಯರು ನೋಡುವವರೆಗೆ ಬೇರೆ ಗರ್ಭನಿರೋಧಕ ಬಳಸಿ. ಇಷ್ಟೆಲ್ಲ ಎಚ್ಚರ ಬೇಸರವೆನಿಸಿದರೆ ಬಟ್ಟೆ ಪ್ಯಾಡ್ ಅಥವಾ ತಾನೇ ರಕ್ತ ಹೀರುವ ಮುಟ್ಟಿನ ಒಳಚಡ್ಡಿ ನಿಮಗೆ ನೆಮ್ಮದಿ.

ಪ್ರಶ್ನೆ: ಮಗಳಿಗೆ 15 ವರ್ಷ, ಈಜುತ್ತಾಳೆ. ಕಪ್ ಬೇಕೆನ್ನುತ್ತಾಳೆ. ಈ ವಯಸ್ಸಿಗೆ ಸರಿಯೇ? ಕನ್ಯಾಪೊರೆಗೆ ಧಕ್ಕೆಯಾಗದೇ?

ಉತ್ತರ: ವಯಸ್ಸು ಅಡ್ಡಿಯಲ್ಲ. ತನ್ನ ಮೈಯನ್ನು ತಾನೇ ಮುಟ್ಟಿಕೊಳ್ಳಲು ಅವಳಿಗೆ ಹಿಂಜರಿಕೆಯಿಲ್ಲ, ಕೇಳಿದ್ದೂ ಅವಳೇ ಎಂದರೆ ಅರ್ಧ ಕೆಲಸ ಆದಂತೆ. ಕನ್ಯಾಪೊರೆ ದಾರಿ ಮುಚ್ಚುವ ಪರದೆಯಲ್ಲ, ಬಾಯಿಯ ಸುತ್ತ ಇರುವ ಹಿಗ್ಗುವ ಅಂಗಾಂಶ. ನಡುವೆ ತೆರವು ಇರುವುದರಿಂದಲೇ ಮುಟ್ಟಿನ ರಕ್ತ ಹೊರಬರುತ್ತದೆ. ಕಪ್ಪಿನಿಂದ ಅದು ಹಿಗ್ಗಬಹುದು, ಸ್ವಲ್ಪ ಹರಿಯಲೂಬಹುದು. ಆದರೆ ಅದನ್ನು ನೋಡಿ ಯಾರ ಲೈಂಗಿಕ ಜೀವನವನ್ನೂ ಹೇಳಲಾಗದು. 'ಕನ್ಯತ್ವ ಪರೀಕ್ಷೆ'ಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಅಂಗಗಳೂ 2018ರಲ್ಲಿ ಒಟ್ಟಾಗಿ ಹೇಳಿವೆ.

ಅತಿ ಸಣ್ಣ, ಮೆತ್ತನೆಯ ಕಪ್ ಕೊಡಿಸಿ. ಮುಟ್ಟಿನ ಎರಡನೆಯ ದಿನ, ರಜೆಯ ಹೊತ್ತು, ಯಾರೂ ಬಾಗಿಲು ತಟ್ಟದ ಸಮಯದಲ್ಲಿ ಮೊದಲ ಸಲ ಪ್ರಯತ್ನಿಸಲಿ. ಹರಿವು ಹೆಚ್ಚಿದ್ದಾಗ ಜಾರುವುದು ಸುಲಭ. ಬೇಕಾದರೆ ನೀರಿನಾಂಶದ ಜಾರುಜೆಲ್ ಹಚ್ಚಲಿ. ಸಿಲಿಕೋನ್ ಕಪ್ಪಿಗೆ ಸಿಲಿಕೋನ್ ಜೆಲ್ ಹಚ್ಚಬಾರದು, ಕಪ್‌ನ ಮೈ ಅಂಟಂಟಾಗುತ್ತದೆ. ಮೂರು ಸಲವೂ ಆಗದಿದ್ದರೆ ಆ ತಿಂಗಳು ಬಿಟ್ಟುಬಿಡಲಿ. ಬೆರಳು ಕೂಡ ಹೋಗದಷ್ಟು ನೋವಿದ್ದರೆ ಒತ್ತಾಯ ಬೇಡ, ಸ್ತ್ರೀರೋಗ ತಜ್ಞರು ನೋಡಲಿ. ತೆರವಿನ ನಡುವೆ ಅಡ್ಡ ಪಟ್ಟಿಯಿರುವ ಪೊರೆ ಕೆಲವರಿಗಿರುತ್ತದೆ.

ಪ್ರಶ್ನೆ: ಕಪ್ ಕುದಿಯಲು ಇಟ್ಟು ಮರೆತೆ, ನೀರೆಲ್ಲ ಇಂಗಿ ತಳ ಹಿಡಿದಿತ್ತು. ಹೊರಗೆ ಸರಿಯಾಗಿಯೇ ಕಾಣುತ್ತದೆ. ಬಳಸಬಹುದೇ?

ಉತ್ತರ: ಅಂಟುತ್ತಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಅಂಚು ಸೊಟ್ಟಗಿದ್ದರೆ, ಸುಟ್ಟ ವಾಸನೆಯಿದ್ದರೆ ಬೇಡ. ಅಂಚು ಒರಟಾಗಿದ್ದರೂ ಒಳಗೆ ಗೀರುತ್ತದೆ. ಮುಂದಿನ ಸಲ ಕಪ್ಪನ್ನು ಮೊಸರು ಕಡೆಯುವ ತಂತಿಯ ವಿಸ್ಕ್‌ನ ಒಳಗೆ ಸಿಕ್ಕಿಸಿ ಪಾತ್ರೆಗಿಳಿಸಿ, ಅದು ತಳಕ್ಕೆ ತಾಗುವುದಿಲ್ಲ. ನೀರು ಕುದಿ ಬಂದ ಮೇಲೆ ಸಿಲಿಕೋನಿಗೆ ಸಾಮಾನ್ಯವಾಗಿ 5 ನಿಮಿಷ ಸಾಕು, ತಯಾರಕರ ಚೀಟಿಯಲ್ಲಿ ಹೆಚ್ಚು ಹೇಳಿದ್ದರೆ ಅಷ್ಟು. ಗಡಿಯಾರದಲ್ಲಿ ಅಲಾರಾಂ ಇಡಿ. ಮುಟ್ಟು ಶುರುವಾಗುವಾಗ ಒಮ್ಮೆ, ಮುಗಿದಾಗ ಒಮ್ಮೆ ಕುದಿಸಿದರೆ ಆಯಿತು. ನಡುವೆ ಪ್ರತಿ ಸಲ ಖಾಲಿ ಮಾಡಿದಾಗ ಮೊದಲು ತಣ್ಣೀರು, ಆಮೇಲೆ ಸುವಾಸನೆಯಿಲ್ಲದ ಸೋಪು. ಸೋಪಿನಂಶ ಉಳಿಯದಂತೆ ತೊಳೆಯಬೇಕು, ಉಳಿದರೆ ಉರಿ. ಇಡುವುದು ಹತ್ತಿಯ ಚೀಲದಲ್ಲಿ, ಗಾಳಿಯಾಡದ ಡಬ್ಬಿಯಲ್ಲಲ್ಲ.

ಪ್ರಶ್ನೆ: ಹೊರಗಿನ ಶೌಚಾಲಯದಲ್ಲಿ ನಲ್ಲಿ ಹೊರಗಡೆ ಇರುತ್ತದೆ. ಕಪ್ ಖಾಲಿ ಮಾಡುವುದು ಹೇಗೆ?

ಉತ್ತರ: ಒಳಗೆ ಹೋಗುವ ಮೊದಲೇ ಕೈ ತೊಳೆಯಿರಿ, ಇದನ್ನೇ ಹೆಚ್ಚಿನವರು ಮರೆಯುವುದು. ಚಿಕ್ಕ ಬಾಟಲಿಯಲ್ಲಿ ಕುಡಿಯುವ ನೀರು ಜೊತೆಗಿರಲಿ. ಖಾಲಿ ಮಾಡಿ, ಕಮೋಡಿನ ಮೇಲೇ ನೀರು ಸುರಿದು ತೊಳೆದು ಮತ್ತೆ ಹಾಕಿಕೊಳ್ಳಿ. ನೀರೂ ಇಲ್ಲದಿದ್ದರೆ ಶುಭ್ರವಾದ ಟಿಶ್ಯೂನಿಂದ ಒರೆಸಿ ಹಾಕಬಹುದು, ಮನೆಗೆ ಬಂದು ಸೋಪಿನಲ್ಲಿ ತೊಳೆದರೆ ಸರಿ. ಸುವಾಸನೆಯ ಒದ್ದೆ ಟಿಶ್ಯೂ ಬೇಡ. ಕಪ್ ಕೈಜಾರಿ ಶೌಚಾಲಯಕ್ಕೆ ಬಿದ್ದರೆ ಸೋಪಿನಲ್ಲಿ ತೊಳೆದು ಕುದಿಸುವವರೆಗೂ ಅದನ್ನು ಹಾಕುವಂತಿಲ್ಲ. ಅದಕ್ಕೇ ಚೀಲದಲ್ಲಿ ಒಂದು ಬಟ್ಟೆ ಪ್ಯಾಡ್ ಇರಲಿ. ನಿಜ ಹೇಳಬೇಕೆಂದರೆ, ಹರಿವು ಸಾಧಾರಣವಾಗಿರುವವರಿಗೆ ಬೆಳಿಗ್ಗೆ ಹಾಕಿದ್ದನ್ನು ಸಂಜೆ ಮನೆಯಲ್ಲೇ ತೆಗೆದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ: ಕಪ್ಪಿನ ಮೇಲೆ ಮಿ.ಲೀ. ಗೆರೆಗಳಿವೆ. ನನಗೆ ದಿನಕ್ಕೆ ನಾಲ್ಕು ಸಲ 20ರ ಗೆರೆ ಮುಟ್ಟುತ್ತದೆ. ಇದು ಹೆಚ್ಚೇ?

ಉತ್ತರ: ಹೆಚ್ಚು. ಒಂದು ಇಡೀ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿ.ಲೀ., 80 ದಾಟಿದರೆ ಅತಿಸ್ರಾವ ಎನ್ನುವುದು ವೈದ್ಯಶಾಸ್ತ್ರದ ಹಳೆಯ ಅಳತೆ. ನಿಮಗೆ ಒಂದೇ ದಿನದಲ್ಲಿ 80 ಆಗುತ್ತಿದೆ. ಕಪ್ಪಿನಲ್ಲಿ ಕಾಣುವುದೆಲ್ಲ ರಕ್ತವಲ್ಲ, ಲೋಳೆ, ಗರ್ಭಕೋಶದ ಒಳಪದರವೂ ಸೇರಿರುತ್ತದೆ ಎಂದು ರಿಯಾಯಿತಿ ಕೊಟ್ಟರೂ ಇದು ತೋರಿಸಿಕೊಳ್ಳಬೇಕಾದ ಪ್ರಮಾಣ. ಮುಂದಿನ ಮುಟ್ಟಿನಲ್ಲಿ ಪ್ರತಿ ಸಲ ಖಾಲಿ ಮಾಡಿದ ಹೊತ್ತು, ಮಿ.ಲೀ., ಹೆಪ್ಪುಗಳ ಗಾತ್ರ ಬರೆದಿಡಿ. 2.5 ಸೆಂ.ಮೀ.ಗಿಂತ ದೊಡ್ಡ ಹೆಪ್ಪು, 7 ದಿನ ಮೀರುವ ಸ್ರಾವ, ಮೆಟ್ಟಿಲು ಹತ್ತಿದರೆ ಏದುಸಿರು, ಇವುಗಳಲ್ಲಿ ಯಾವುದಾದರೂ ಈಗಾಗಲೇ ಇದ್ದರೆ ಅದನ್ನು ಬರೆದುಕೊಂಡು, ಮುಂದಿನ ಮುಟ್ಟಿಗೆ ಕಾಯದೆ ವೈದ್ಯರ ಬಳಿ ಹೋಗಿ. ಹಿಮೋಗ್ಲೋಬಿನ್ ಪರೀಕ್ಷೆಯಿಂದ ಶುರುಮಾಡುತ್ತಾರೆ. "ಜಾಸ್ತಿ ಹೋಗುತ್ತೆ ಡಾಕ್ಟ್ರೇ" ಎನ್ನುವುದಕ್ಕಿಂತ ಅಂಕಿಯ ಹಾಳೆ ಮುಂದಿಟ್ಟರೆ ಮಾತು ಬೇಗ ಮುಂದುವರಿಯುತ್ತದೆ.

ಪ್ರಶ್ನೆ: ಕಪ್ ಬಿಟ್ಟು 'ಡಿಸ್ಕ್', ಒಳಚಡ್ಡಿ ಎಂದೆಲ್ಲ ಬಂದಿವೆಯಲ್ಲ, ಅವು ಹೇಗೆ?

ಉತ್ತರ: ಡಿಸ್ಕ್ ಅಗಲವಾದ ಬೋಗುಣಿಯಂಥದ್ದು. ಗಾಳಿಯ ಹಿಡಿತದಿಂದಲ್ಲ, ಒಂದು ತುದಿ ಗರ್ಭಕೊರಳಿನ ಹಿಂದೆ, ಇನ್ನೊಂದು ಮುಂದಿನ ಎಲುಬಿನ ಹಿಂದೆ ಸಿಕ್ಕಿಕೊಂಡು ನಿಲ್ಲುತ್ತದೆ. ಗರ್ಭಕೊರಳು ಕೆಳಗಿರುವವರಿಗೂ ಹರಿವು ಹೆಚ್ಚಿರುವವರಿಗೂ ಒಗ್ಗುತ್ತದೆ, ತೆಗೆಯುವಾಗ ಮಾತ್ರ ಚೆಲ್ಲುತ್ತದೆ. 2023ರಲ್ಲಿ ಉಪ್ಪುನೀರಿನ ಬದಲು ನಿಜವಾದ ರಕ್ತ ಬಳಸಿ ಸಾಧನಗಳನ್ನು ಅಳೆದ ಅಧ್ಯಯನದಲ್ಲಿ ಡಿಸ್ಕ್‌ಗಳು ಸರಾಸರಿ 61 ಮಿ.ಲೀ. ಹಿಡಿದು ಮುಂದಿದ್ದವು. ಒಳಚಡ್ಡಿ ಹೀರಿದ್ದು ಎಲ್ಲಕ್ಕಿಂತ ಕಡಿಮೆ, 2 ಮಿ.ಲೀ. ಮಾತ್ರ. ಹಾಗಾಗಿ ಒಳಚಡ್ಡಿ ಕೊನೆಯ ದಿನಗಳಿಗೆ ಅಥವಾ ಕಪ್ಪಿಗೆ ಬೆಂಬಲವಾಗಿ ಸರಿ, ಎರಡನೆಯ ದಿನಕ್ಕೆ ಅದೊಂದನ್ನೇ ನೆಚ್ಚಬೇಡಿ.

ಪ್ರಶ್ನೆ: ನಿದ್ದೆಯಲ್ಲಿ ಮರೆತು ಕಪ್ 15 ಗಂಟೆ ಒಳಗೇ ಉಳಿಯಿತು. ವಿಷವೇರುತ್ತದೆ ಎನ್ನುತ್ತಾರಲ್ಲ?

ಉತ್ತರ: ತೆಗೆದಾಯಿತಲ್ಲ, ಈ ಮುಟ್ಟಿನ ಉಳಿದ ದಿನಗಳಿಗೆ ಪ್ಯಾಡ್ ಬಳಸಿ. ನೀವು ಹೇಳುತ್ತಿರುವುದು ಟಾಕ್ಸಿಕ್ ಶಾಕ್ ಸಿಂಡ್ರೋಮ್, ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷದಿಂದ ಬರುವಂಥದ್ದು. ಬಹಳ ಅಪರೂಪ: 2019ರಲ್ಲಿ 'ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್' ಪತ್ರಿಕೆಯಲ್ಲಿ ಬಂದ, 43 ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯಲ್ಲಿ ಕಪ್ಪಿಗೆ ಸಂಬಂಧಿಸಿ ಸಿಕ್ಕಿದ್ದು ಐದು ಪ್ರಕರಣ. ಆದರೂ ಮುಂದಿನ ಕೆಲವು ದಿನ ಹಠಾತ್ ಜ್ವರ, ವಾಂತಿ ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟಂತೆ ಕೆಂಪು ದದ್ದು ಕಂಡರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ, ಕಪ್ ಬಳಸಿದ್ದನ್ನು ಮೊದಲೇ ಹೇಳಿ. ಹಿಂದೆ ಒಮ್ಮೆ ಈ ಕಾಯಿಲೆ ಬಂದವರು ಕಪ್, ಡಿಸ್ಕ್ ಎರಡನ್ನೂ ಬಿಡಬೇಕು.